ಗಾಂಜಾಕ್ಕೆ ಮಹಡಿ ಬೇಕಿಲ್ಲ ಮಾಸ್ತರರೇ

ಮೊನ್ನೆ ಪೇಪರು ಮಡಿಸಿಡುತ್ತ ನಮ್ಮ ಮಾಸ್ತರರೊಬ್ಬರು, "ಸ್ಲಮ್ಮಿನವರಿಗೆ ಫ್ಲ್ಯಾಟ್ ಕೊಟ್ರ ಅದು ಗಾಂಜಾ ಅಡ್ಡಾನೇ ಆಗ್ತದ ನೋಡ್ರಿ" ಅಂದರು. ಅವರು ಹೇಳಿದ್ದು ನಮ್ಮದೇ ಸಂಗಾರೆಡ್ಡಿ ಜಿಲ್ಲೆಯ ಕೊಲ್ಲೂರಿನ ಬಗ್ಗೆ. ಹೈದರಾಬಾದಿನ ಬಡವರಿಗೆಂದು ಕಟ್ಟಿದ 15,660 ಡಬಲ್ ಬೆಡ್‌ರೂಮ್ ಮನೆಗಳು ಅಲ್ಲಿ 2023ರ ಜೂನಿನಲ್ಲಿ ಉದ್ಘಾಟನೆಯಾದವು.

ಅಮೆರಿಕದ ಸೇಂಟ್ ಲೂಯಿಸಿನ ಪ್ರೂಯಿಟ್-ಐಗೋ ಬಗ್ಗೆಯೂ ಜನ ಹೀಗೇ ಅಂದಿದ್ದರು. 11 ಅಂತಸ್ತಿನ 33 ಸರ್ಕಾರಿ ಕಟ್ಟಡ. ರಿಪೇರಿಯೆಲ್ಲ ಬಾಡಿಗೆ ಹಣದಲ್ಲೇ ಆಗಬೇಕಿತ್ತು. ಊರಲ್ಲಿ ಕೆಲಸ ಕುಗ್ಗಿತು, ಮನೆಗಳು ಖಾಲಿಯಾದವು, ಲಿಫ್ಟು ಕೆಟ್ಟಿತು, ದೀಪ ಆರಿತು. ಕತ್ತಲಲ್ಲಿ ಕಳ್ಳರು, ಮಾದಕ ಮಾರುವವರು ಸೇರಿಕೊಂಡರು. 1972ರಿಂದ ಸ್ಫೋಟಕ ಇಟ್ಟು ಉರುಳಿಸಿದರು. ಬೈಗುಳ ಮಾತ್ರ ಬಡವರ ಪಾಲಿಗೆ!

ಮಹಡಿಯೇ ಕಾರಣ ಅನ್ನುವುದಾದರೆ ನಮ್ಮ ಕಡೆಯ ಸೇಂದಿಗೆ ಏನನ್ನೋಣ? 2015ರಲ್ಲಿ ಕಲಬೆರಕೆ ಕಳ್ಳಿನ ಮೇಲೆ ದಾಳಿಯಾದಾಗ, ಅದರೊಳಗಿನ ಆಲ್‌ಪ್ರಜೋಲಂ ಸಿಗದೆ ತೆಲಂಗಾಣದ ಎಷ್ಟೋ ಹಳ್ಳಿಗರು ನಡುಗುತ್ತ, ಬಡಬಡಿಸುತ್ತ ಆಸ್ಪತ್ರೆ ಸೇರಿದರು. ಅವರ ಮನೆಗಳಿಗೆ ಲಿಫ್ಟ್ ಇತ್ತೇ?

ಕೂಲಿಗೆ ಹೈದರಾಬಾದು ಸೇರುವ ತಂದೆ-ತಾಯಿಯ ಹಿಂದೆ, ನಮ್ಮ ಕನ್ನಡ ಶಾಲೆಯಿಂದ ಟಿ.ಸಿ. ತಗೊಂಡು ಹೋಗುವ ಹುಡುಗ ನಾಳೆ ಅಂಥದೇ ಕಾಲೊನಿಯಲ್ಲಿ ಬೆಳೆಯಬಹುದು. ಅವನ ಹಣೆ ಮೇಲೆ ಈಗಲೇ 'ಕಳ್ಳ' ಅಂತ ಬರೆಯಬೇಡಿ. ಅಲ್ಲಿಂದ ಶಾಲೆ ಎಷ್ಟು ದೂರ, ಮೆಟ್ಟಿಲಿನ ದೀಪದ ಬಿಲ್ಲು ಯಾರು ಕಟ್ಟುತ್ತಾರೆ, ಅದನ್ನು ಕೇಳಿರಿ ಮಾಸ್ತರರೇ.