ಅಂಗೈಯ ಬೆವರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ವಾಚಕರಿಗೆ ಬೆವರಿನ ಪರಿಚಯವನ್ನು ನಾವು ಮಾಡಿಕೊಡಬೇಕಾದುದಿಲ್ಲ. ವೈಶಾಖದ ಬಿಸಿಲಿನಲ್ಲಿ ಅಟ್ಟದ ಕಾಯಿಗಳನ್ನಿಳಿಸಿ, ಸುಲಿದು, ಚಿಪ್ಪೊಡೆದು ಉಂಡೆ ಕೊಬ್ಬರಿ ತೆಗೆಯುವವನ ಮೈ ಬೆವರುವುದು ಶರೀರಧರ್ಮ. ಆ ಬೆವರು ಆರುವಾಗಲೇ ಮೈಯ ಕಾವು ತಗ್ಗುವುದು. ಬಿಸಿಲಿನಲ್ಲಿ ಬೆವರು ನಿಂತರೇ ಅಪಾಯ. ನಾವು ಈಗ ಹೇಳಹೊರಟಿರುವುದು ಬೇರೊಂದು ಬೆವರಿನ ವಿಷಯ.

ಮಾಘದ ಚಳಿಯಲ್ಲಿಯೂ ಕೆಲವು ಮಕ್ಕಳ ಅಂಗೈ ತೊಟ್ಟಿಕ್ಕುವುದುಂಟು. ಕಾಗದ ನೆನೆದು ಶಾಯಿ ಹರಡುವುದು. ಉಪಾಧ್ಯಾಯರು ಕೊಳಕನೆಂದು ಗದರುವರು. ಪರೀಕ್ಷೆಯ ಕೊಠಡಿಯಲ್ಲಾದರೆ ಅಳುಕುವ ಕಳ್ಳನೆಂದೇ ಸಂಶಯಪಡುವರು. ಹೆಣ್ಣುಮಗುವಾದರೆ ಪಾಣಿಗ್ರಹಣದ ದಿನ ಏನು ಗತಿಯೆಂದು ತಾಯಿ ಕೊರಗುವಳು. ಪಾಪ, ಮಗು ಕೈಯನ್ನು ಮರೆಮಾಡಿಕೊಂಡೇ ಬೆಳೆಯುವುದು.

ಚರಕಸಂಹಿತೆಯು ಅತಿಸ್ಥೂಲನ 8 ದೋಷಗಳಲ್ಲಿ ಬೆವರಿನ ಬಾಧೆಯನ್ನು ಸೇರಿಸಿದೆ. ಭರತನ ನಾಟ್ಯಶಾಸ್ತ್ರವಾದರೋ ಸ್ವೇದವನ್ನು 8 ಸಾತ್ತ್ವಿಕ ಭಾವಗಳಲ್ಲಿ ಎಣಿಸಿದೆ. ಅಂಗೈಯ ವಿಷಯದಲ್ಲಿ ಭರತನ ಪಕ್ಷವೇ ನಮಗೆ ಹೆಚ್ಚು ಸಮೀಪವೆಂದು ತೋರುವುದು. ನಮ್ಮ ಚರ್ಮದಲ್ಲಿ 20ರಿಂದ 40 ಲಕ್ಷ ಸ್ವೇದಗ್ರಂಥಿಗಳಿವೆ. ಅಂಗೈ ಅಂಗಾಲುಗಳಲ್ಲಿ ಅವು ದಟ್ಟವಾಗಿದ್ದು, ಕಾವಿಗಿಂತ ಮನಸ್ಸಿನ ಉದ್ವೇಗಕ್ಕೇ ಹೆಚ್ಚಾಗಿ ಓಗೊಡುವುವು. ಕೆಲವರಲ್ಲಿ ನರಗಳು ಈ ಗ್ರಂಥಿಗಳಿಗೆ ಅತಿಯಾಗಿ ಅಪ್ಪಣೆ ಕೊಡುವುವು. ಇದು ಬಾಲ್ಯದಲ್ಲಿಯೋ ಹರೆಯದಲ್ಲಿಯೋ ತೊಡಗುವುದು, ಅನೇಕ ವೇಳೆ ವಂಶದಲ್ಲಿ ಬರುವುದು, ನಿದ್ರೆಯಲ್ಲಿ ನಿಲ್ಲುವುದು. ಆದುದರಿಂದ ಇದು ಕೊಳಕೂ ಅಲ್ಲ, ಕಳ್ಳತನದ ಗುರುತೂ ಅಲ್ಲ; ಗದರಿದಷ್ಟೂ ಹೆಚ್ಚುವುದು.

ನಿದ್ರೆಯಲ್ಲಿಯೇ ಹಾಸಿಗೆ ತೊಯ್ಯುವಂತೆ ಬೆವರಿ, ಜ್ವರ, ಕೆಮ್ಮು, ತೂಕದ ಇಳಿತ ಜತೆಗೂಡಿದರೆ ಕ್ಷಯವೇ ಮೊದಲಾದ ರೋಗಗಳ ಪರೀಕ್ಷೆಯಾಗತಕ್ಕದ್ದು. ಮಧುಮೇಹಕ್ಕೆ ಔಷಧ ಸೇವಿಸುವವರು ನಡುಗಿ ಬೆವರಿದರೆ ರಕ್ತದ ಸಕ್ಕರೆ ಕುಸಿದಿರಬಹುದು. ಎದೆನೋವಿನೊಡನೆ ತಣ್ಣನೆಯ ಬೆವರು ಬಂದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಅಂಗೈಗೆ ಪೌಡರು ಬಳಿಯುವುದೆಂದರೆ ಹಿಟ್ಟು ಕಲಸಿದಂತೆಯೇ ಸರಿ! ಚರ್ಮವೈದ್ಯರ ಸಲಹೆಯಂತೆ ಅಲ್ಯೂಮಿನಿಯಂ ಕ್ಲೋರೈಡಿನ ದ್ರಾವಣವನ್ನು ರಾತ್ರಿ ಚೆನ್ನಾಗಿ ಒಣಗಿದ ಕೈಗೆ ಹಚ್ಚಿ ಬೆಳಿಗ್ಗೆ ತೊಳೆಯುವುದು ಮೊದಲ ಉಪಾಯ. ಸಾಲದಿದ್ದರೆ, ನೀರಿನ ತಟ್ಟೆಯಲ್ಲಿ ಕೈಯಿಟ್ಟು ಮಂದವಾದ ವಿದ್ಯುತ್ತನ್ನು ಹರಿಸುವ ಯಂತ್ರವುಂಟು. ಮನೆಯ ತಂತಿಯಿಂದ ಇದನ್ನು ಯಾರೂ ಪ್ರಯೋಗಿಸಲಾಗದು. ನರ ಕತ್ತರಿಸುವ ಶಸ್ತ್ರಚಿಕಿತ್ಸೆಗೆ ಆತುರ ಬೇಡ. ಆಮೇಲೆ ಬೆನ್ನು ಹೊಟ್ಟೆಗಳಲ್ಲಿ ಬೆವರು ಹೆಚ್ಚುವುದು ಸಾಮಾನ್ಯ.

ತೆಂಗಿನ ಮರ ಹತ್ತುವ ಮನೆಯ ಹುಡುಗನಿಗಂತೂ ಇದು ಪ್ರಾಣದ ಮಾತು. ಅಂಗೈ ಜಾರುವವನನ್ನು ಹೇಡಿಯೆಂದು ಹಂಗಿಸಿ ಮರಕ್ಕೆ ಹತ್ತಿಸತಕ್ಕದ್ದಲ್ಲ. ಪರೀಕ್ಷೆಗೆ ಕೂಡುವ ಮಗುವಿಗೆ ಕೈಯಡಿಗೆ ಇಟ್ಟುಕೊಳ್ಳಲು ಹತ್ತಿಯ ಬಟ್ಟೆಯೊಂದು ಬೇಕಾಗುವುದೆಂದು ತಂದೆಯು ಮುಖ್ಯೋಪಾಧ್ಯಾಯರಿಗೆ ಮುಂಚೆಯೇ ಬರೆದು ತಿಳಿಸಲಿ.