ಹೆಚ್ಚಾದರೂ ತಪ್ಪೇ!

ಪ್ರೀತಿಯ ಮಕ್ಕಳೇ, ಅವರ ಪಕ್ಕದಲ್ಲಿ ಕನ್ನಡಕ ಹುಡುಕುತ್ತ ಕುಳಿತಿರುವ ಅಜ್ಜ ಅಜ್ಜಿಯರೇ,

ಈ ವಾರ ವಿಮಾನದ ವಿಷಯ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದ ಈ ತಾತನಿಗೂ ವಿಮಾನಕ್ಕೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ನನ್ನ ತಂಗಿಯ ಮೊಮ್ಮಗಳು ವಿಮಾನ ರಿಪೇರಿಯ ವಿದ್ಯೆ ಕಲಿಯುತ್ತಿದ್ದಾಳೆ. ನೂರಾರು ಜನರನ್ನು ಹೊತ್ತು ಹೋಗುವ ಭಾರಿ ವಿಮಾನಗಳಲ್ಲ. ಮೂತಿಯಲ್ಲಿ ಒಂದು ಪ್ರೊಪೆಲ್ಲರ್, ಒಳಗೆ ಎರಡೋ ನಾಲ್ಕೋ ಸೀಟು ಇರುವ ಪುಟ್ಟ ವಿಮಾನಗಳು. ಬೆಂಗಳೂರಿನ ಜಕ್ಕೂರು ಕಡೆ ಓಡಾಡಿದವರು ತಲೆ ಎತ್ತಿ ಇಂಥವನ್ನು ನೋಡಿರುತ್ತೀರಿ. ಅಜ್ಜಂದಿರಲ್ಲಿ ಕೆಲವರಿಗೆ ‘ಪುಷ್ಪಕ್’ ನೆನಪಿರಬಹುದು. ನಮ್ಮ ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ, 1958ರಲ್ಲಿ ಮೊದಲು ಹಾರಿದ, ಎರಡು ಸೀಟಿನ ವಿಮಾನ ಅದು. ದೇಶದ ಎಷ್ಟೋ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಹುಡುಗರು ಹಾರಲು ಕಲಿತದ್ದು ಅದರಲ್ಲೇ.

ಮೊನ್ನೆ ಆ ಹುಡುಗಿ ಫೋನ್ ಮಾಡಿದಳು. ದನಿ ಸ್ವಲ್ಪ ನಡುಗುತ್ತಿತ್ತು. “ತಾತ, ಇವತ್ತು ಏನಾಯ್ತು ಗೊತ್ತಾ?” ಎಂದಳು. ಏನಾಯಿತೆಂದು ಹೇಳುವ ಮೊದಲು ಆ ಎಂಜಿನ್ನಿನ ಗುಟ್ಟು ಸ್ವಲ್ಪ ತಿಳಿದಿರಬೇಕು. ಅವಳು ನನಗೆ ಹೇಳಿಕೊಟ್ಟದ್ದನ್ನೇ ನಿಮಗೆ ಹೇಳುತ್ತೇನೆ.

ನಮ್ಮ ಕಾಲದಲ್ಲಿ ಸೈಕಲ್ಲಿಗೆ ಡೈನಮೊ ಇರುತ್ತಿತ್ತು. ಚಕ್ರಕ್ಕೆ ತಾಗಿಸಿ ಪೆಡಲ್ ತುಳಿದರೆ ದೀಪ ಹತ್ತುತ್ತಿತ್ತು. ಬ್ಯಾಟರಿಯ ಹಂಗೇ ಇಲ್ಲ. ತಾಮ್ರದ ಸುರುಳಿಯ ಹತ್ತಿರ ಅಯಸ್ಕಾಂತ ತಿರುಗಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ಸತ್ಯ ಇದು. ಪುಟ್ಟ ವಿಮಾನದ ಎಂಜಿನ್ನಿನಲ್ಲಿ ಪೆಟ್ರೋಲಿಗೆ ಕಿಡಿ ಹೊತ್ತಿಸುವುದೂ ಇದೇ ಜಾತಿಯ ಒಂದು ಯಂತ್ರ. ಹೆಸರು ಮ್ಯಾಗ್ನೆಟೊ.

ಸೆಸ್ನಾ 172 ಎಂಬ ವಿಮಾನವಿದೆ. ಇದುವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಅದರ ಎಂಜಿನ್ನಿಗೆ ಸಾಮಾನ್ಯವಾಗಿ ನಾಲ್ಕು ಸಿಲಿಂಡರ್. ನಾಲ್ಕಕ್ಕೆ ನಾಲ್ಕು ಸ್ಪಾರ್ಕ್ ಪ್ಲಗ್ ಸಾಕಲ್ಲವೇ? ಅಲ್ಲಿ ಎಂಟು ಇರುತ್ತವೆ! ಒಂದೊಂದು ಸಿಲಿಂಡರಿಗೂ ಎರಡೆರಡು. ಮ್ಯಾಗ್ನೆಟೊಗಳೂ ಎರಡು. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯಬೇಕು. ನಮ್ಮ ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ, ಇಬ್ಬರ ಬಳಿ ಒಂದೊಂದು ಇರುತ್ತಿತ್ತು. ಅಲ್ಲಿ ಒಂದಿಲ್ಲದಿದ್ದರೆ ಇನ್ನೊಂದು ಕೆಲಸಕ್ಕೆ ಬಾರದು. ಇಲ್ಲಿ ಒಂದಿಲ್ಲದಿದ್ದರೂ ಇನ್ನೊಂದು ನಿಮ್ಮನ್ನು ನೆಲ ಮುಟ್ಟಿಸುತ್ತದೆ.

ಹಾಗಾದರೆ ವಿಮಾನದಲ್ಲಿ ಬ್ಯಾಟರಿ ಯಾಕೆ? ಎಂಜಿನ್ ಸ್ಟಾರ್ಟ್ ಮಾಡಲು, ರೇಡಿಯೊ, ದೀಪಗಳಿಗೆ ಬೇಕು. ಎಂಜಿನ್ ತಿರುಗತೊಡಗಿದ ಮೇಲೆ ಆಲ್ಟರ್ನೇಟರ್ ಎಂಬ ಇನ್ನೊಂದು ಯಂತ್ರ ವಿದ್ಯುತ್ ಕೊಡುತ್ತ, ಬ್ಯಾಟರಿಯನ್ನೂ ತುಂಬುತ್ತದೆ. ನನ್ನ ಭಾಷೆಯಲ್ಲಿ ಹೇಳುವುದಾದರೆ ಆಲ್ಟರ್ನೇಟರ್ ತಿಂಗಳ ಸಂಬಳ, ಬ್ಯಾಟರಿ ಉಳಿತಾಯ ಖಾತೆ, ಆಮೀಟರ್ ಎಂಬ ಮುಳ್ಳಿನ ಮಾಪಕ ಪಾಸ್‌ಬುಕ್. ಮುಳ್ಳು ಅಧಿಕದ ಕಡೆಗಿದ್ದರೆ ಜಮಾ. ಹಾರುವಾಗ ಋಣದ ಕಡೆಗೆ ವಾಲಿ ಅಲ್ಲೇ ನಿಂತರೆ ಸಂಬಳ ನಿಂತಿದೆ, ಉಳಿತಾಯ ಕರಗುತ್ತಿದೆ ಎಂದರ್ಥ. ಆಗ ಪೈಲಟ್ ಏನು ಮಾಡಬೇಕು? ಮನೆಯ ಯಜಮಾನ ಮಾಡುವುದನ್ನೇ. ಬೇಡದ ಖರ್ಚು ನಿಲ್ಲಿಸುವುದು. ಅಗತ್ಯವಿಲ್ಲದ ದೀಪ, ಉಪಕರಣಗಳನ್ನು ಆರಿಸಿ, ಹತ್ತಿರದ ನಿಲ್ದಾಣದಲ್ಲಿ ಇಳಿಯುವುದು. ಗಾಬರಿ ಬೇಡ, ಎಂಜಿನ್ ನಿಲ್ಲುವುದಿಲ್ಲ. ಮ್ಯಾಗ್ನೆಟೊಗೆ ಬ್ಯಾಟರಿಯ ಸಾಲ ಬೇಕಿಲ್ಲವಲ್ಲ!

ಈಗ ಪರೀಕ್ಷೆಯ ವಿಷಯಕ್ಕೆ ಬರೋಣ. ನೆಲ ಬಿಡುವ ಮೊದಲು ಪ್ರತಿ ಸಲವೂ ಪೈಲಟ್ ಒಂದು ಪರೀಕ್ಷೆ ಮಾಡುತ್ತಾನೆ. ಬ್ರೇಕ್ ಒತ್ತಿ ಹಿಡಿದು, ಎಂಜಿನ್ನನ್ನು ನಿಮಿಷಕ್ಕೆ ಸುಮಾರು 1,700 ಸುತ್ತಿಗೆ ತಂದು, ಕೀಲಿಯನ್ನು ಒಂದು ಮ್ಯಾಗ್ನೆಟೊಗೆ ಮಾತ್ರ ತಿರುಗಿಸುತ್ತಾನೆ. ಈಗ ಪ್ರತಿ ಸಿಲಿಂಡರಿನಲ್ಲೂ ಒಂದೇ ಕಿಡಿ. ಬೆಂಕಿ ಹರಡುವುದು ಕೊಂಚ ತಡವಾಗಿ, ಎಂಜಿನ್ನಿನ ವೇಗ ಸ್ವಲ್ಪ ಇಳಿಯುತ್ತದೆ. ಸೆಸ್ನಾದಂಥ ವಿಮಾನದಲ್ಲಿ 125 ಸುತ್ತಿನ ಒಳಗಿನ ಇಳಿತ ಒಪ್ಪತಕ್ಕದ್ದು. ಆಮೇಲೆ ಇನ್ನೊಂದು ಮ್ಯಾಗ್ನೆಟೊದ ಸರದಿ.

ಇಳಿತ ಮಿತಿ ಮೀರಿ, ಎಂಜಿನ್ ಕುಂಟುತ್ತ ಓಡಿದರೆ ಯಾವುದೋ ಪ್ಲಗ್ಗಿಗೆ ಮಸಿಯೋ ಸೀಸವೋ ಕಟ್ಟಿದೆ ಎಂಬ ಅನುಮಾನ. ಎಂಟರಲ್ಲಿ ಯಾವುದು? ಅದನ್ನು ಹಿಡಿಯಲು ಮೆಕ್ಯಾನಿಕ್‌ಗಳಿಗೆ ಒಂದು ಹಳೆಯ ಉಪಾಯವಿದೆ. ಕೆಟ್ಟ ಕಡೆಯ ಮ್ಯಾಗ್ನೆಟೊದಲ್ಲೇ ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸುತ್ತಾರೆ. ಆಮೇಲೆ ನಾಲ್ಕು ಸಿಲಿಂಡರುಗಳ ಹೊಗೆ ಕೊಳವೆಗಳ ಮೇಲೂ ಒಂದೊಂದು ಹನಿ ನೀರು ಬಿಡುತ್ತಾರೆ. ಮೂರರ ಮೇಲೆ ಚುಂಯ್ ಎನ್ನುತ್ತದೆ. ಒಂದರ ಮೇಲೆ ಸುಮ್ಮನೆ ಜಾರುತ್ತದೆ. ಆ ಸಿಲಿಂಡರಿನಲ್ಲಿ ಬೆಂಕಿಯೇ ಹೊತ್ತಿಲ್ಲ! ಅಜ್ಜಿ ದೋಸೆ ಹುಯ್ಯುವ ಮೊದಲು ಕಾವಲಿಗೆ ನೀರು ಚಿಮುಕಿಸಿ ನೋಡುತ್ತಾರಲ್ಲ, ಅದೇ ಪರೀಕ್ಷೆ.

ಇನ್ನು ನಮ್ಮ ಹುಡುಗಿಯ ಕಥೆ. ಆ ಬೆಳಿಗ್ಗೆ ಹಾರಲು ಹೊರಟಿದ್ದ ಶಿಷ್ಯ ಪೈಲಟ್ ಕೀಲಿ ತಿರುಗಿಸಿದಾಗ, ಒಂದು ಕಡೆಗೆ ವೇಗ ಇಳಿಯಲೇ ಇಲ್ಲವಂತೆ. ಒಂದು ಸುತ್ತೂ ಇಲ್ಲ. “ಎಂಜಿನ್ ಫಸ್ಟ್ ಕ್ಲಾಸ್!” ಎಂದು ಅವನಿಗೆ ಖುಷಿ. ಪಕ್ಕದಲ್ಲಿದ್ದ ಹಿರಿಯ ಎಂಜಿನಿಯರ್ ಮುಖ ಮಾತ್ರ ಗಂಭೀರವಾಯಿತು. ಎಂಜಿನ್ ನಿಲ್ಲಿಸಿಸಿ, “ಯಾರೂ ಪ್ರೊಪೆಲ್ಲರ್ ಹತ್ತಿರ ಹೋಗಬೇಡಿ” ಎಂದು ಎಲ್ಲರನ್ನೂ ದೂರ ಸರಿಸಿದರಂತೆ.

ಯಾಕೆ ಗೊತ್ತೇ? ಮನೆಯ ಬಲ್ಬಿನ ತಂತಿ ಕಡಿದರೆ ಬಲ್ಬ್ ಆರುತ್ತದೆ. ಮ್ಯಾಗ್ನೆಟೊ ವಿಚಾರ ತಿರುಗುಮುರುಗು. ಕೀಲಿ ‘ಆಫ್’ಗೆ ಬಂದಾಗ ಒಂದು ತಂತಿಯ ಮೂಲಕ ಅದರ ವಿದ್ಯುತ್ತನ್ನು ಎಂಜಿನ್ನಿನ ಮೈಗೆ ಹರಿಸಿ, ಕಿಡಿ ಹುಟ್ಟದಂತೆ ಮಾಡುತ್ತಾರೆ. ಆ ತಂತಿಯೇ ಕಡಿದರೆ ಮ್ಯಾಗ್ನೆಟೊವನ್ನು ಆರಿಸುವವರೇ ಇಲ್ಲ. ಕೀಲಿ ಜೇಬಿನಲ್ಲಿದ್ದರೂ ಅದು ಎಚ್ಚರವಾಗಿರುತ್ತದೆ. ಸಿಲಿಂಡರಿನಲ್ಲಿ ಚೂರು ಪೆಟ್ರೋಲ್ ಆವಿ ಉಳಿದಿದ್ದು, ಯಾರಾದರೂ ಪ್ರೊಪೆಲ್ಲರನ್ನು ಕೈಯಿಂದ ಕೊಂಚ ತಿರುಗಿಸಿದರೂ ಎಂಜಿನ್ ಹೊತ್ತಿಕೊಳ್ಳಬಹುದು. ಆ ರೆಕ್ಕೆ ಒಂದೇ ಒಂದು ಸಲ ಬೀಸಿದರೂ ಕೈಯೋ ತಲೆಯೋ ಹೋದಂತೆಯೇ. ಅದಕ್ಕೇ ಪುಟ್ಟ ವಿಮಾನಗಳನ್ನು ನಿಲ್ಲಿಸುವಾಗ ಮೊದಲು ಪೆಟ್ರೋಲ್ ಕಡಿದು ಎಂಜಿನ್ ತಾನಾಗಿ ನಿಲ್ಲುವಂತೆ ಮಾಡಿ, ಆಮೇಲೆ ಕೀಲಿ ತೆಗೆಯುತ್ತಾರೆ. ಪ್ರೊಪೆಲ್ಲರ್ ಯಾವಾಗಲೂ ಜೀವಂತವಾಗಿದೆ ಎಂದೇ ತಿಳಿಯಬೇಕು ಎನ್ನುವುದು ಅವರ ಮೊದಲ ಪಾಠ.

ಬಿಚ್ಚಿ ನೋಡಿದರೆ ಮ್ಯಾಗ್ನೆಟೊದ ಬೆನ್ನಿನಲ್ಲಿ ತಂತಿ ಅಲುಗಾಡಿ ಅಲುಗಾಡಿ ತುಂಡಾಗಿತ್ತಂತೆ. ಹುಡುಗಿ ಒಂದು ಕ್ಷಣ ಸುಮ್ಮನಿದ್ದಳು. “ತಾತ, ನಿನ್ನೆ ಸಂಜೆ ಅದೇ ಪ್ರೊಪೆಲ್ಲರ್ ಹಿಡಿದುಕೊಂಡು ವಿಮಾನವನ್ನು ಒಳಗೆ ಎಳೆದವರಲ್ಲಿ ನಾನೂ ಒಬ್ಬಳು” ಎಂದಳು.

ನನಗೂ ಮಾತು ಹೊರಡಲಿಲ್ಲ. ಆಮೇಲೆ ನನ್ನ ಒಂದು ಹಳೆಯ ಕಥೆ ಹೇಳಿದೆ.

1982ರ ಮಾತು. ನಾನು ಕ್ಯಾಷ್ ಕೌಂಟರಿನಲ್ಲಿದ್ದೆ. ಸಂಜೆ ಎಣಿಸಿದರೆ 500 ರೂಪಾಯಿ ಹೆಚ್ಚು. ಕಡಿಮೆ ಬಂದಿದ್ದರೆ ಎದೆ ಒಡೆಯುತ್ತಿತ್ತು. ಹೆಚ್ಚು ಬಂದದ್ದಕ್ಕೆ ಸಮಾಧಾನವಾಗಿ, “ಸಾರ್, ನಷ್ಟವೇನಿಲ್ಲ, ನಾಳೆ ನೋಡೋಣ” ಎಂದೆ. ಹೆಡ್ ಕ್ಯಾಷಿಯರ್ ಕನ್ನಡಕದ ಮೇಲಿನಿಂದ ನೋಡಿದರು. “ಹೆಚ್ಚು ಬಂದರೂ ತಪ್ಪೇ ಕಣಯ್ಯಾ. ಕಡಿಮೆ ಬಂದರೆ ನಿನ್ನದು ಹೋಗಿದೆ. ಹೆಚ್ಚು ಬಂದರೆ ಯಾರದೋ ಹೋಗಿದೆ. ಕೂತ್ಕೊ” ಎಂದರು. ಹಣವನ್ನು ಸಸ್ಪೆನ್ಸ್ ಖಾತೆಗೆ ಬರೆದು, ದೀಪ ಹಚ್ಚಿಕೊಂಡು ಒಂದೊಂದೇ ವೋಚರ್ ನೋಡಿದೆವು. ಹಸು ಕೊಳ್ಳಲೆಂದು 1,500 ರೂಪಾಯಿ ತೆಗೆದುಕೊಂಡು ಹೋಗಿದ್ದ ಒಬ್ಬ ಅಜ್ಜಿಯ ಮೇಲೆ ನನಗೆ ಅನುಮಾನ ಬಂತು. ಮಾತಿನ ಭರದಲ್ಲಿ ನೂರರ ನೋಟು ಹದಿನೈದರ ಬದಲು ಹತ್ತೇ ಕೊಟ್ಟಿದ್ದೆ. ಮಾರನೆಯ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಆಕೆ ಮೆಟ್ಟಿಲ ಮೇಲೆ ಕೂತಿದ್ದರು. ಬಸ್ಸಿನಲ್ಲಿ ಯಾರೋ ಕದ್ದರೆಂದು ರಾತ್ರಿಯೆಲ್ಲ ಅತ್ತಿದ್ದರಂತೆ. ಕಾಯುವ ಕೆಲಸವಿಲ್ಲದೆ ಅವರ ಕೈಗೆ ಹಣ ಸಿಕ್ಕಿತು.

ಕಥೆ ಮುಗಿದಾಗ ಹುಡುಗಿ ಕೇಳಿದಳು: “ಹಾಗಾದರೆ ತಾತ, ಎಲ್ಲ ಚೆನ್ನಾಗಿದೆ ಅಂತ ಮುಳ್ಳು ಹೇಳಿದಾಗಲೂ ಅನುಮಾನ ಪಡಬೇಕಾ?”

“ಎಲ್ಲದಕ್ಕೂ ಬೇಡ ಮಗೂ. ಎಷ್ಟಿರಬೇಕೋ ಅಷ್ಟಿದೆಯೇ ನೋಡು. ಇಳಿಯಬೇಕಾದದ್ದು ಇಳಿಯದಿದ್ದರೆ ಯಾಕೆ ಅಂತ ಕೇಳು” ಎಂದೆ.

ಮಾರನೆಯ ದಿನ ಹೊಸ ತಂತಿ ಹಾಕಿದ್ದಾರೆ. ಮತ್ತೆ ಪರೀಕ್ಷೆ ಮಾಡಿದಾಗ ಎರಡೂ ಕಡೆ ವೇಗ ಇಳಿಯಿತಂತೆ. ಒಂದು ಕಡೆ 70, ಇನ್ನೊಂದು ಕಡೆ 80. ಆ ಸಂಖ್ಯೆಗಳನ್ನು ಹೇಳುವಾಗ ಅವಳ ದನಿಯಲ್ಲಿದ್ದ ನಿರಾಳ ನನಗೆ ಗೊತ್ತು. ಸಂಜೆ ಕ್ಯಾಷ್ ಪೈಸೆಗೆ ಪೈಸೆ ತಾಳೆಯಾದಾಗ ನಾವೂ ಹಾಗೇ ಉಸಿರು ಬಿಡುತ್ತಿದ್ದೆವು.

ಈ ವಾರದ ಕೆಲಸ: ಡೈನಮೊ ಸೈಕಲ್ ತುಳಿದ ಕಥೆಯನ್ನು ನಿಮ್ಮ ಅಜ್ಜನಿಂದ ಕೇಳಿ ತಿಳಿಯಿರಿ. ಆಮೇಲೆ ಅವರಿಗೊಂದು ಪ್ರಶ್ನೆ ಹಾಕಿ: ಹಾರುತ್ತಿರುವ ಪುಟ್ಟ ವಿಮಾನದಲ್ಲಿ ಬ್ಯಾಟರಿ ಪೂರ್ತಿ ಖಾಲಿಯಾದರೆ ಎಂಜಿನ್ ನಿಲ್ಲುತ್ತದೆಯೇ? ಅಜ್ಜ “ಹೌದು” ಎಂದರೆ ಈ ಪುಟವನ್ನು ಅವರ ಕೈಗೆ ಕೊಟ್ಟು, ಕನ್ನಡಕವನ್ನೂ ಹುಡುಕಿಕೊಡಿ.

ಮುಂದಿನ ವಾರ ಸಿಗೋಣ.