ವಿದ್ಯೆಯೂ ಟೆನ್ನಿಸ್ ಆಟವೂ

ಟೆನ್ನಿಸ್ ಆಟದಲ್ಲಿ ಚತುರೆಯಾದ ಹುಡುಗಿಯು ಹೈಸ್ಕೂಲನ್ನು ಮುಗಿಸುವ ಸಮಯದಲ್ಲಿ, ಆಕೆಯ ತಂದೆತಾಯಿಗಳು ನಮ್ಮಲ್ಲಿಗೆ ಆಲೋಚನೆ ಕೇಳಲು ಬರುವುದುಂಟು. ಕೆಲವರು, “ಇನ್ನು ಆಟ ಸಾಕು, ಓದಲಿ” ಎನ್ನುವರು, ಕೆಲವರು, “ಓದು ಬಿಡಿಸಿ ಆಟಕ್ಕೇ ಹಾಕೋಣವೇ?” ಎನ್ನುವರು. ಇವೆರಡೂ ಆತುರದ ಮಾತುಗಳೆಂದು ನಮ್ಮ ಅಭಿಪ್ರಾಯ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹೋರಿಯನ್ನು ಕೊಳ್ಳುವ ರೈತನು ಮೊದಲು ಹಲ್ಲು ನೋಡುವನು. ಎಳೆಯ ಹೆಗಲಿಗೆ ನೊಗವಿಡಬಾರದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ತಾಳ್ಮೆಯು ಮಗಳ ವಿಷಯದಲ್ಲಿಯೂ ಇರಬೇಡವೇ?

ಸಾನಿಯಾ ಮಿರ್ಜಾ 2003ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿಯೇ, ವಿಂಬಲ್ಡನ್ನಿನ ಬಾಲಿಕೆಯರ ಡಬಲ್ಸ್ ಗೆದ್ದು ವೃತ್ತಿಗಿಳಿದರೆಂಬುದು ನಿಜ. ಅಂಥವರು ವಿರಳ. ವೃತ್ತಿಗಿಳಿದವಳು ತರಬೇತುದಾರರ ಸಂಬಳವನ್ನೂ ಪ್ರಯಾಣದ ವೆಚ್ಚವನ್ನೂ ತಾನೇ ಹೊರಬೇಕು. ಸೋತ ವಾರ ಕೈಗೆ ಬರುವುದು ಅತ್ಯಲ್ಪ. ಅಮೆರಿಕದ ಅನೇಕ ಕಾಲೇಜುಗಳಾದರೋ ಉತ್ತಮ ಆಟಗಾರ್ತಿಯರಿಗೆ ವಿದ್ಯಾರ್ಥಿವೇತನವನ್ನೂ ತರಬೇತನ್ನೂ ಒದಗಿಸುತ್ತವೆ. ಡೇನಿಯಲ್ ಕಾಲಿನ್ಸ್ ವರ್ಜೀನಿಯ ವಿಶ್ವವಿದ್ಯಾನಿಲಯದಲ್ಲಿ ಓದುತ್ತಲೇ 2014 ಮತ್ತು 2016ರಲ್ಲಿ ಆ ದೇಶದ ಕಾಲೇಜು ಪ್ರಶಸ್ತಿಯನ್ನು ಪಡೆದು, ಪದವೀಧರೆಯಾದ ಬಳಿಕ ವೃತ್ತಿಗಿಳಿದು, 2022ರಲ್ಲಿ ಆಸ್ಟ್ರೇಲಿಯನ್ ಓಪನ್ನಿನ ಅಂತಿಮ ಪಂದ್ಯವನ್ನಾಡಿದರು. ಟೆಕ್ಸಾಸಿನ ಸ್ಯಾಮ್ ಹ್ಯೂಸ್ಟನ್ ವಿಶ್ವವಿದ್ಯಾನಿಲಯದಲ್ಲಿ ಓದಿ ಆಡಿದ ಹೈದರಾಬಾದಿನ ಸಹಜಾ ಯಮಲಪಲ್ಲಿ, 2025ರ ನವೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಬಿಲ್ಲೀ ಜೀನ್ ಕಿಂಗ್ ಕಪ್ ಪಂದ್ಯಗಳಲ್ಲಿ ಭಾರತದ ಪರವಾಗಿ ಆಡಿದರು. ಕಾಲೇಜಿನ ವರ್ಷಗಳು ಇವರಿಗೆ ನಷ್ಟವಾಗಲಿಲ್ಲ.

ಆ ದಾರಿಯಲ್ಲಿ ಮುಳ್ಳುಗಳಿಲ್ಲವೆಂದು ನಾವು ಹೇಳೆವು. ಆಟಗಾರ್ತಿಯರು ಗೆದ್ದ ಹಣವನ್ನು ಇಟ್ಟುಕೊಳ್ಳಲು ಅಲ್ಲಿನ ಕಾಲೇಜು ಕ್ರೀಡಾಸಂಘವು ಕಟ್ಟುನಿಟ್ಟಾದ ಮಿತಿಯನ್ನು ಹಾಕಿದ್ದಿತು. ಇದನ್ನು ಪ್ರತಿಭಟಿಸಿ ರೀಸ್ ಬ್ರಾಂಟ್‌ಮೈಯರ್ ಎಂಬ ವಿದ್ಯಾರ್ಥಿನಿಯು 2024ರಲ್ಲಿ ನ್ಯಾಯಾಲಯದ ಮೆಟ್ಟಲೇರಿದಳು. ನಮ್ಮಲ್ಲಿ ತೊಡಕು ಬೇರೆ. ನೂರಕ್ಕೆ 75ರಷ್ಟು ಹಾಜರಿಯ ನಿಯಮವು ಊರೂರು ತಿರುಗಿ ಆಡುವ ಹುಡುಗಿಯನ್ನು ಓದು ಅಥವಾ ಆಟ, ಒಂದನ್ನು ಬಿಡುವಂತೆ ಮಾಡುತ್ತದೆ. ಪಂದ್ಯಕ್ಕೆ ಹೋದ ದಿನಗಳನ್ನು ಹಾಜರಿಯೆಂದೇ ಎಣಿಸಿ, ತಪ್ಪಿದ ಪಾಠಗಳನ್ನು ಪುನಃ ಹೇಳಿಕೊಡುವುದು ಕಾಲೇಜುಗಳ ಕರ್ತವ್ಯ.

ಆದಕಾರಣ ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೇ: ಮಗಳ ಕೈಯಿಂದ ಪುಸ್ತಕವನ್ನಾಗಲಿ ರ‍್ಯಾಕೆಟ್ಟನ್ನಾಗಲಿ ಕಿತ್ತುಕೊಳ್ಳಬೇಡಿರಿ. ಮಂಡಿಯ ಒಂದು ಪೆಟ್ಟು ಆಟವನ್ನು ನಿಲ್ಲಿಸಬಹುದು. ಕಲಿತ ವಿದ್ಯೆಯನ್ನು ಯಾವ ಪೆಟ್ಟೂ ಕಸಿಯಲಾರದು. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಮದುವೆಯ ಮಾತು ಬಂದೊಡನೆ ಆಟವನ್ನು ಬಿಟ್ಟವರು. ನಿಮ್ಮ ಹೆಣ್ಣುಮಕ್ಕಳಿಗಾದರೂ ಇನ್ನು ನಾಲ್ಕು ವರ್ಷದ ಅವಕಾಶವನ್ನು ಕೊಡಿಸಿರಿ.